ಶಾಂಘೈ ಸ್ಟೇಷನ್ನಿನಲ್ಲಿ ಕಂಡ ಸಂಜೆಬಿಸಿಲು

ಇಂಥ ಕಥೆಗಳನ್ನು ನಾನು ಎಂದೂ ನಂಬಿದವಳಲ್ಲ. ನಿಪ್ಪಾಣಿಯ ಶಾಲೆಯೊಂದರಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿದವಳು. ಚಿಂಚಲಿ ಕಡೆಯಿಂದ ಬಂದವರು ಮಾಯಕ್ಕನ ಗುಡಿಯಲ್ಲಿ ಹಾಗಾಯಿತು, ಹೀಗಾಯಿತು ಎಂದು ಶುರು ಮಾಡಿದರೆ ಸಾಕು, "ಯಾರು ನೋಡ್ಯಾರ? ಎಷ್ಟು ಗಂಟೇಕ? ಎಷ್ಟು ದೂರದಿಂದ?" ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ದಿಗ್ಗೇವಾಡಿಯಲ್ಲಿರುವ ನನ್ನ ಅಕ್ಕ "ಇಕಿ ಮುಂದ ದೆವ್ವಾನೂ ಪರೀಕ್ಷಾ ಬರೀಬೇಕು" ಎಂದು ಈಗಲೂ ನಗುತ್ತಾಳೆ. ಹಾಗಾಗಿ ಇದನ್ನು ಹೇಳಲು ನನಗೇ ಸಂಕೋಚ. ನೀವು ನಂಬಲೇಬೇಕೆಂಬ ಒತ್ತಾಯವೂ ನನ್ನದಿಲ್ಲ.

ನಮ್ಮ ಯಜಮಾನರದು ಖಾರಪುಡಿ, ಅರಿಷಿಣಪುಡಿಯ ವ್ಯಾಪಾರ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಉಣ್ಣಬಾರದೆಂಬುದು ನಮ್ಮಲ್ಲಿ ಹಿರಿಯರಿಂದ ಬಂದ ರೂಢಿ. ನನ್ನಂಥವರು ಪ್ರಯಾಣದಲ್ಲಿ, ಮದುವೆಮನೆಯಲ್ಲಿ ಅದನ್ನು ಸ್ವಲ್ಪ ಸಡಿಲ ಬಿಡುತ್ತೇವೆ. ಅವರು ಹಾಗಲ್ಲ. ಮುನಿಮಹಾರಾಜರ ಎದುರು ಕೈಮುಗಿದು ನೇಮ ಹಿಡಿದವರು. ಹೊತ್ತು ಮುಳುಗಿತೆಂದರೆ ಹನಿ ನೀರೂ ಗಂಟಲಲ್ಲಿ ಇಳಿಯುವುದಿಲ್ಲ. ಇಷ್ಟು ಸಾಲದೆಂಬಂತೆ ಸಕ್ಕರೆ ಕಾಯಿಲೆ ಬೇರೆ. ದಿನಾ ಸಂಜೆ ಊಟಕ್ಕೆ ಮೊದಲು ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಬೇಕು. ಸೂಜಿ ತೆಗೆದುಕೊಂಡು ಉಣ್ಣದೆ ಕೂತರೆ ಏನಾಗುತ್ತದೆಂದು ಒಮ್ಮೆ ಮನೆಯಲ್ಲೇ ನೋಡಿದ್ದೇನೆ. ಮೊದಲು ಬೆವರು, ಆಮೇಲೆ ನಡುಕ, ಆಮೇಲೆ ಮಾತು ತೊದಲಿ, ಪಡಸಾಲೆಯಲ್ಲಿ ಎಚ್ಚರ ತಪ್ಪಿ ಬಿದ್ದಿದ್ದರು. ಸ್ವಲ್ಪ ತಡವಾಗಿದ್ದರೆ ಜೀವ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಅಂದಿದ್ದರು.

ಕೆಲವು ವರ್ಷಗಳ ಹಿಂದೆ, ಡಿಸೆಂಬರಿನಲ್ಲಿ, ಪುಡಿ ತುಂಬುವ ಹೊಸ ಯಂತ್ರ ನೋಡಲು ಇಬ್ಬರೂ ಚೀನಾಕ್ಕೆ ಹೋದೆವು. ಅವರೊಬ್ಬರನ್ನೇ ಕಳಿಸಲು ನನಗೆ ಧೈರ್ಯವಿರಲಿಲ್ಲ. ಹಿಂದಿನ ರಾತ್ರಿ ಶಾಂಘೈಗೆ ಇಳಿದಿದ್ದೆವು. ಮರುದಿನವೆಲ್ಲ ಕಿಟಕಿಯೇ ಇಲ್ಲದ ಕಾರ್ಖಾನೆಯೊಳಗೆ ಕಳೆಯಿತು. ಸಂಜೆ ಆರೂವರೆಯ ರೈಲಿಗೆ ಇನ್ನೊಂದು ಊರಿಗೆ ಹೋಗಬೇಕಿತ್ತು. ಕಾರ್ಖಾನೆಯ ಹುಡುಗಿಯೊಬ್ಬಳು ನಮ್ಮನ್ನು ಪರದೆ ಎಳೆದ ವ್ಯಾನಿನಲ್ಲಿ ಕರೆತಂದು, ಸ್ಟೇಷನ್ನಿನ ನೆಲದಡಿಯ ಪಾರ್ಕಿಂಗಿನಲ್ಲಿ ಇಳಿಸಿ, ಲಿಫ್ಟು ತೋರಿಸಿ ಹೋದಳು.

ಲಿಫ್ಟು ತೆರೆದಾಗ ನಾನು ಒಂದು ಕ್ಷಣ ನಿಂತೇಬಿಟ್ಟೆ. ನಮ್ಮ ರಾಯಬಾಗ ಸ್ಟೇಷನ್ನು ಇಡಿಯಾಗಿ ಅದರ ಒಂದು ಮೂಲೆಯಲ್ಲಿ ಹಿಡಿಸೀತು. ರೈಲು, ಹಳಿ ಒಂದೂ ಕಣ್ಣಿಗೆ ಬೀಳಲಿಲ್ಲ, ಎಲ್ಲ ಕೆಳಗಡೆಯಂತೆ. ಮೇಲೆ ಬರೀ ಜನ, ಸಾಲುಸಾಲು ಕುರ್ಚಿ, ಎರಡೂ ಬದಿಗೆ ನಂಬರು ಹಾಕಿದ ಗೇಟುಗಳು. ಗೇಟು ತೆರೆದರೆ ನೂರಾರು ಜನ ಗಲಾಟೆಯಿಲ್ಲದೆ ಇಳಿದುಹೋಗುತ್ತಿದ್ದರು. ಸೂರಿನ ತುಂಬ ಬಿಳಿ ದೀಪಗಳು, ಹಗಲೋ ರಾತ್ರಿಯೋ ತಿಳಿಯುವಂತಿರಲಿಲ್ಲ. ದೂರದ ತುದಿಯಲ್ಲಿ ಮಾತ್ರ ನೆಲದಿಂದ ಸೂರಿನವರೆಗೆ ಗಾಜಿನ ಗೋಡೆಯಿತ್ತು.

ತಪ್ಪಾದದ್ದು ಇಲ್ಲೇ. ಕೈಗಡಿಯಾರಗಳನ್ನು ಚೀನಾದ ವೇಳೆಗೆ ಸರಿಯಾಗಿಯೇ ತಿರುಗಿಸಿಕೊಂಡಿದ್ದೆವು. ಆದರೆ ಲೆಕ್ಕ ಮಾತ್ರ ನಿಪ್ಪಾಣಿಯದೇ ಉಳಿದಿತ್ತು. ನಮ್ಮಲ್ಲಿ ಡಿಸೆಂಬರಿನಲ್ಲಿ ಆರು ಗಂಟೆಯವರೆಗೆ ಹೊತ್ತು ಇರುತ್ತದೆ. ಅದೇ ರೂಢಿಯಲ್ಲಿ ಐದೂವರೆಗೆ ಅವರು ಸೂಜಿ ಚುಚ್ಚಿಕೊಂಡರು. ನಾನು ಊರಿಂದ ಕಟ್ಟಿ ತಂದಿದ್ದ ದಪಾಟಿ ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿ ತೆಗೆದೆ. ಅವರು ಕೈತೊಳೆಯಲು ಆ ಗಾಜಿನ ಗೋಡೆಯ ಕಡೆ ಹೋದರು.

ವಾಪಸು ಬಂದವರು ಗೋಡೆಗೆ ಬೆನ್ನು ಮಾಡಿ ನನ್ನೆದುರು ಕೂತು, ಡಬ್ಬಿಯ ಮುಚ್ಚಳ ಹಾಕಿದರು.

"ಹೊರಗ ಪೂರಾ ಕತ್ತಲಾಗೇತಿ. ಹೊತ್ತು ಎಂದೋ ಮುಳುಗೇತಿ," ಎಂದರು.

ನಾನೂ ಎದ್ದು ಹೋಗಿ ನೋಡಿದೆ. ಹೌದು, ಕಗ್ಗತ್ತಲು. ರಸ್ತೆಯ ದೀಪಗಳು ಉರಿಯುತ್ತಿದ್ದವು. ಪೂರ್ವಕ್ಕಿರುವ ಊರು, ಚಳಿಗಾಲ, ಹೊತ್ತು ಐದಕ್ಕೇ ಮುಳುಗಿತ್ತು. ಇದೇ ಪಾಠವನ್ನು ಭೂಗೋಳ ತಿರುಗಿಸಿ ತಿರುಗಿಸಿ ಹೇಳಿಕೊಟ್ಟವಳಿಗೆ ಇಷ್ಟು ಹೊಳೆಯದೆ ಹೋಯಿತಲ್ಲ ಎಂದು ನನ್ನನ್ನೇ ಬೈದುಕೊಂಡೆ.

"ಸೂಜಿ ತಗೊಂಡೀರಿ. ಈಗ ಉಣ್ಣಾಕ ಬೇಕ್ರಿ," ಎಂದೆ.

"ಒಂದು ರಾತ್ರಿ ಏನಾಗತೈತಿ? ನೋಡೋಣಂತ."

"ನೋಡಾಕ ನೀವು ಇದ್ದರಲ್ಲ! ಜಡ್ಡಾದವರಿಗೆ ವಿನಾಯಿತಿ ಐತಿ ಅಂತ ಮಹಾರಾಜ್ರೇ ಹೇಳಿದ್ರು."

"ಹೇಳಿದ್ರು. ನಾ ಬ್ಯಾಡ ಅಂದಿದ್ನಿ."

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ನಾನು ಬೇಡಿಕೊಂಡೆ, ಬೈದೆ, ಮಕ್ಕಳ ಆಣೆ ಹಾಕಿದೆ. ಒಂದು ಹರಳು ಬೆಲ್ಲವನ್ನಾದರೂ ಔಷಧಿ ಎಂದು ಬಾಯಲ್ಲಿ ಇಟ್ಟುಕೊಳ್ಳಿ ಎಂದೆ. "ಔಷಧ ಯಾವುದು, ಬೆಲ್ಲ ಯಾವುದು ನನಗ ಗೊತ್ತಾಗೂದಿಲ್ಲೇನು?" ಎಂದು ಶಾಂತವಾಗಿಯೇ ಹೇಳಿದರು. ಆರಕ್ಕೆ ಹತ್ತು ನಿಮಿಷ ಇದ್ದಾಗ ಅವರ ಹಣೆಯ ಮೇಲೆ ಬೆವರು ಕಂಡಿತು. ತೊಡೆಯ ಮೇಲಿಟ್ಟ ಬೆರಳುಗಳು ಸಣ್ಣಗೆ ನಡುಗುತ್ತಿದ್ದವು. ಸುತ್ತ ಸಾವಿರ ಜನ, ಒಬ್ಬರ ಭಾಷೆಯೂ ನನಗೆ ಬಾರದು. ಯಾರನ್ನು ಕೂಗಲಿ, ಏನೆಂದು ಹೇಳಲಿ? ಪರದೇಶದಲ್ಲಿ, ತುಂಬಿದ ಡಬ್ಬಿ ಎದುರಿಗಿಟ್ಟುಕೊಂಡು, ಇವರನ್ನು ಕಳೆದುಕೊಳ್ಳುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು. ಅಷ್ಟು ಹೆದರಿದ್ದು ನನ್ನ ಜನ್ಮದಲ್ಲೇ ಇಲ್ಲ.

ಆಗ ತಲೆಯೆತ್ತಿ ನೋಡಿದೆ. ಅವರ ಹೆಗಲಿನ ಆಚೆ, ಆ ಗಾಜಿನ ಗೋಡೆಯಲ್ಲಿ, ಸೂರ್ಯನಿದ್ದ. ಎದುರಿನ ಕಟ್ಟಡಗಳ ಮೇಲೆ ಒಂದು ಗೇಣಿನಷ್ಟು ಎತ್ತರದಲ್ಲಿ, ನಮ್ಮ ಹೊಲದ ಬದುವಿನಿಂದ ಸಂಜೆ ಕಾಣುವ ಹಾಗೆ, ಕೆಂಪಗೆ, ದುಂಡಗೆ. ಕುರ್ಚಿಗಳ ನೆರಳು ನನ್ನ ಕಡೆಗೆ ಉದ್ದಕ್ಕೆ ಬಿದ್ದಿತ್ತು. ಕೆನ್ನೆಗೆ ಬೆಚ್ಚಗೆ ತಾಗಿದ್ದು ನನಗೆ ಚೆನ್ನಾಗಿ ನೆನಪಿದೆ. ಬೇರೆ ಯಾರೂ ಆ ಕಡೆ ನೋಡಲಿಲ್ಲ, ಎಲ್ಲರೂ ಫೋನಿನಲ್ಲಿ ಮುಳುಗಿದ್ದರು. ನನಗೆ ಆಶ್ಚರ್ಯವೂ ಆಗಲಿಲ್ಲ. ಅದೇ ಈಗ ಆಶ್ಚರ್ಯ.

"ಹೊತ್ತು ಇನ್ನೂ ಮುಳುಗಿಲ್ರಿ," ಎಂದೆ. "ಉಣ್ರಿ."

ಅವರು ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ತಿರುಗಿ ನೋಡಲಿಲ್ಲ. ಡಬ್ಬಿ ತೆರೆದು ಉಣ್ಣತೊಡಗಿದರು. ಎರಡು ದಪಾಟಿ ತಿಂದು, ಒಂದು ಹರಳು ಬೆಲ್ಲ ಬಾಯಿಗೆ ಹಾಕಿ, ನೀರು ಕುಡಿದರು. ಕೈ ನಡುಗುವುದು ನಿಂತಿತು. ಅಷ್ಟೂ ಹೊತ್ತು ನಾನು ಅವರ ತುತ್ತುಗಳನ್ನೇ ನೋಡುತ್ತಿದ್ದೆ. ಮತ್ತೆ ತಲೆಯೆತ್ತಿದಾಗ ಗಾಜಿನಾಚೆ ಕತ್ತಲಿತ್ತು, ರಸ್ತೆಯ ದೀಪಗಳಿದ್ದವು. ನಮ್ಮ ಗೇಟು ತೆರೆಯಿತು, ಪಾಸ್‌ಪೋರ್ಟು ತೋರಿಸಿ ಇಳಿದು ರೈಲು ಹತ್ತಿದೆವು.

ಜಾಹೀರಾತಿನ ಪರದೆಯೋ, ಯಾವುದೋ ದೀಪದ ಪ್ರತಿಬಿಂಬವೋ, ಹೆದರಿಕೆಯಲ್ಲಿ ನನ್ನ ತಲೆ ಮಾಡಿದ ಆಟವೋ ಎಂದು ಆ ರೈಲಿನಲ್ಲೇ ಲೆಕ್ಕ ಹಾಕತೊಡಗಿದೆ. ಕೊನೆಗೆ ಕೊನೆಯದನ್ನೇ ಒಪ್ಪಿಕೊಂಡೆ. ಆದರೆ ಒಪ್ಪಿಕೊಂಡ ಮೇಲೆ ಬೇರೆ ಸಂಕಟ ಶುರುವಾಯಿತು. ಅವರು ಇಷ್ಟು ವರ್ಷ ಕಾಪಾಡಿಕೊಂಡು ಬಂದ ನೇಮವನ್ನು ನನ್ನ ಸುಳ್ಳಿನಿಂದ ಮುರಿಸಿದೆನಲ್ಲ ಎಂಬುದು. ಕಾಲಡಿ ಇರುವೆ ಸತ್ತರೂ ಪ್ರಾಯಶ್ಚಿತ್ತ ಕೇಳುವ ಮನುಷ್ಯ, ಊರಿಗೆ ಬಂದ ಮೇಲೆ ಈ ವಿಷಯಕ್ಕೆ ಮಾತ್ರ ಮಹಾರಾಜರ ಬಳಿ ಹೋಗಲಿಲ್ಲ. ನನ್ನನ್ನೂ ಒಂದು ಮಾತು ಕೇಳಲಿಲ್ಲ. ನನ್ನ ಮೇಲಿನ ಸಿಟ್ಟನ್ನು ನುಂಗಿಕೊಂಡಿದ್ದಾರೆ ಎಂದುಕೊಂಡು ನಾನೂ ಬಾಯಿ ಬಿಡಲಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಇಬ್ಬರೇ ಮನೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಿದ್ದೆವು. ಇನ್ನು ತಡೆಯಲಾಗದೆ ಹೇಳಿಬಿಟ್ಟೆ. "ಅವತ್ತು ಸ್ಟೇಷನ್ನ್ಯಾಗ ಹೊತ್ತು ಇದ್ದಿಲ್ಲರಿ. ನನಗ ಏನೋ ಕಂಡಂಗಾತು, ಹೇಳಿಬಿಟ್ಟೆ. ನಿಮ್ಮ ನೇಮ ನಾ ಕೆಡಿಸಿದೆ."

ಅವರು ಕೆಲಸ ನಿಲ್ಲಿಸಲಿಲ್ಲ.

"ನೀ ಹೇಳಿದ್ದು ಕೇಳಿ ನಾ ಎಲ್ಲಿ ಉಂಡ್ನಿ?" ಎಂದರು. "ಜೀವಾ ಉಳಸಾಕ ನೀ ಸುಳ್ಳೂ ಹೇಳಾಕಿ, ನನಗ ಗೊತ್ತಿಲ್ಲೇನು? ನಿನ್ನ ಮಾರಿ ನೋಡಿ ಉಂಡ್ನಿ. ನಿನ್ನ ಮಾರಿ ಮ್ಯಾಲ ಬಿಸಲು ಬಿದ್ದಿತ್ತು. ಕಣ್ಣಿಗೆ ಕೈ ಅಡ್ಡ ಹಿಡಕೊಂಡು ಕುಂತಿದ್ದಿ."

"ಮತ್ತ ಇಷ್ಟು ವರ್ಷ ಯಾಕ ಹೇಳಲಿಲ್ರಿ?" ಎಂದು ಕೇಳಿದೆ.

"ನೀನ ಕಂಡಾಕಿ. ನಿನಗ ಗೊತ್ತೈತಿ ಅಂದ್ಕೊಂಡಿದ್ನಿ."

ನನಗೆ ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ.