ನೋಡದ ಕುಸ್ತಿ

ಇಳಕಲ್ಲಿನ ಆ ಕುಸ್ತಿಯನ್ನು ನಾನು ನೋಡಿಯೇ ಇರಲಿಲ್ಲ, ಸಂಗಪ್ಪ. ನೋಡದೆಯೇ ಬರೆದೆ — ಹುನಗುಂದದ ಪೈಲ್ವಾನ ಸಂಗಪ್ಪ ಬೇಕೆಂದೇ ಬಿದ್ದ, ಕುಸ್ತಿ ಮಾರಿಕೊಂಡ ಎಂದು. ಇಷ್ಟು ವರ್ಷ ಬಾಯಿ ಬಿಡದೆ ಕುಳಿತ ನನ್ನ ಮೇಲೆ ನನಗೇ ಹೇಸಿಗೆ.

ಬಾಗಲಕೋಟೆಯ ವಾರಪತ್ರಿಕೆಯಲ್ಲಿ ನನ್ನ ಅಂಕಣದ ಹೆಸರು 'ಕಣದ ಅಂಚಿನಿಂದ'. ಎಂಥ ಅಂಚೋ ಏನೋ. ದೊಡ್ಡ ಪೈಲ್ವಾನರ ಜೋಡಿಯನ್ನು ಯಾವಾಗಲೂ ಕೊನೆಗೆ ಕಣಕ್ಕೆ ಬಿಡುತ್ತಿದ್ದರು. ನನ್ನ ಊರಿನ ಕೊನೆಯ ಬಸ್ಸು ಅದಕ್ಕೂ ಮೊದಲೇ ಹೊರಡುತ್ತಿತ್ತು. ಮರುದಿನ ಬೆಳಿಗ್ಗೆ ಅಚ್ಚಿಗೆ ಕೊಡಬೇಕು. ಹಾಗಾಗಿ ಸಣ್ಣ ಜೋಡಿಗಳನ್ನು ನೋಡಿ ಎದ್ದುಬಿಡುತ್ತಿದ್ದೆ. ದೊಡ್ಡದನ್ನು ಅವರಿವರ ಬಾಯಿಂದ ಕೇಳಿ, ಕಂಡವನಂತೆ ಬರೆಯುತ್ತಿದ್ದೆ. ಅಂದು ಇಳಕಲ್ಲಿನಿಂದ ಮರಳುವಾಗ ಹುನಗುಂದದಲ್ಲಿ ಬಸ್ಸು ಕೆಟ್ಟು ನಿಂತಿತು. ಹಿಂದಿನಿಂದ ಲಾರಿಯಲ್ಲಿ ಬಂದವನೊಬ್ಬ, ನಿನ್ನ ಮೇಲೆ ಪಂದ್ಯ ಕಟ್ಟಿ ಸೋತವನು, ಉರಿಯುತ್ತ ಹೇಳಿದ: "ಮಗಾ ಮಲಕೊಂಡ ಬಿಟ್ಟನ್ರಿ. ರೊಕ್ಕಾ ತಿಂದಾನ."

ಅಷ್ಟೇ ಸಾಕಾಯಿತು ನನಗೆ.

ಪತ್ರಿಕೆ ಹೊರಬಿದ್ದ ಎರಡು ದಿನಕ್ಕೆ ಇಳಕಲ್ಲಿನ ನೇಕಾರ ಗೆಳೆಯನೊಬ್ಬ ಬಂದು, ನೀನು ಬಿದ್ದದ್ದು ತೋಳಿನ ಕೀಲು ತಪ್ಪಿ ಎಂದು ಹೇಳಿದ. ಆಗಲಾದರೂ ತಿದ್ದಬಹುದಿತ್ತು — ಮುಂದಿನ ವಾರವೇ ಧಾರವಾಡದ ರೇಡಿಯೋದಲ್ಲಿ ನನ್ನ ಕ್ರೀಡಾ ಭಾಷಣವಿತ್ತು. ಮೈಕಿನ ಮುಂದೆ ಕುಳಿತು, ಗಂಟಲು ಸರಿಮಾಡಿಕೊಂಡು, ಅದೇ ಸುಳ್ಳನ್ನು ಇನ್ನೊಮ್ಮೆ ಓದಿದೆ. ನಿನ್ನ ಹೆಸರು ಹಿಡಿದು ಓದಿದೆ. ಥೂ.

ಕುಸ್ತಿ ಮಾರಿಕೊಂಡವನು ಗರಡಿಯ ಮಣ್ಣು ಮುಟ್ಟಬಾರದು. ರೇಡಿಯೋ ಕೇಳಿದ ನಿನ್ನ ವಸ್ತಾದರು — ಮಗನಂತೆ ಸಾಕಿ ಪಟ್ಟು ಕಲಿಸಿದವರು — ನಿನ್ನನ್ನು ಹೊರಗೆ ಹಾಕಿದರು. ನೀನು ತೋಳಿಗೆ ಪಟ್ಟಿ ಕಟ್ಟಿಕೊಂಡು ನನ್ನ ಮನೆಗೆ ಬಂದೆ. ಜಗಳಕ್ಕೆ ಬಂದಿದ್ದೀಯೆಂದು ಹೆದರಿದ್ದೆ. ನೀನು ಬಾಗಿಲಲ್ಲೇ ನಿಂತು ಕೇಳಿದೆ:

"ರಾಯರ, ಮಂದಿ ಏನರ ಅನ್ಲಿ. ನೀವು ಕಣ್ಣಾರೆ ನೋಡೀರಿ. ತೋಳ ಜಾರಿತ್ತು ಅಂತ ರೇಡಿಯೋದಾಗ ಒಂದ ಮಾತ ಹೇಳ್ರಿ. ನೀವು ಹೇಳಿದ್ರ ವಸ್ತಾದರು ನಂಬ್ತಾರ."

ಹೇಳಿದರೆ, ಮೊದಲು ಹಾಗೇಕೆ ಬರೆದಿರಿ ಎಂದು ಕೇಳುತ್ತಾರೆ. ನಾನು ಅಲ್ಲಿರಲೇ ಇಲ್ಲವೆಂಬುದು ಬಯಲಾಗುತ್ತದೆ. ಅಂಕಣ ಹೋಗುತ್ತದೆ, ರೇಡಿಯೋ ಹೋಗುತ್ತದೆ... ಇಷ್ಟೇ ನನ್ನ ತಲೆಯಲ್ಲಿದ್ದದ್ದು. ನಿನ್ನ ತೋಳಿನ ಕಡೆ ನೋಡಲೂ ಇಲ್ಲ.

"ನಾ ನೋಡಿದ್ದನ್ನ ಬರದೇನಿ," ಎಂದೆ.

ಆಮೇಲೆ ಎಷ್ಟೋ ವರ್ಷ ಬರೆದೆ, ಮಾತಾಡಿದೆ, ಶಾಲು ಹೊದಿಸಿಕೊಂಡೆ. ನೀನು ಮತ್ತೆ ಕಣಕ್ಕಿಳಿಯಲಿಲ್ಲ. ವಸ್ತಾದರು ತೀರಿಕೊಂಡ ದಿನ ಹುನಗುಂದದಲ್ಲಿ ನಿನ್ನನ್ನು ಕಂಡೆ. ಅವರ ದೇಹವನ್ನು ಗರಡಿಯೊಳಗೇ ಕೂರಿಸಿದ್ದರು. ಒಳಗೆ ಬಾ ಎಂದು ಯಾರೋ ನಿನ್ನನ್ನು ಕರೆದರು.

"ಬ್ಯಾಡ್ರಿ. ಅವರು ಬರಬ್ಯಾಡ ಅಂದಾರ," ಎಂದು ನೀನು ಹೊಸ್ತಿಲಾಚೆಯೇ ಕೈಮುಗಿದು ನಿಂತೆ.

ನನ್ನನ್ನು ಮಾತ್ರ ದೊಡ್ಡ ಮನುಷ್ಯನೆಂದು ಕೈಹಿಡಿದು ಒಳಗೆ ಕರೆದೊಯ್ದರು. ನಿನ್ನನ್ನು ದಾಟಿಕೊಂಡೇ ಹೋದೆ, ಸಂಗಪ್ಪ. ಹಾರ ಹಾಕಿದೆ. ಆಗಲೂ ಬಾಯಿ ಬಿಡಲಿಲ್ಲ.