ಒದ್ದ ಮೇಲೆ ನಮಸ್ಕಾರ

ನನ್ನ ಕಾಲು ನಮ್ಮ ಶಾಲೆಯ ಹಿರಿಯ ಶಿಕ್ಷಕಿ ಶಂಕ್ರಮ್ಮನವರ ಸೊಂಟಕ್ಕೆ ತಾಗಿದ್ದೇ ತಡ, ಬಗ್ಗಿ ಅವರನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಹೋದೆ. ಹಿರಿಯರಿಗೆ ಕಾಲು ತಾಗಿದರೆ ನಮ್ಮಲ್ಲಿ ಹಾಗೇ ಮಾಡುವುದು. ಆದರೆ ಅದು ಶಹಾಪುರದ ಕರಾಟೆ ಕ್ಲಾಸು. ಎದುರುಬದುರು ನಿಂತು ಹೊಡೆದಾಡುವ ಅಭ್ಯಾಸ ಅಂದೇ ಶುರುವಾಗಿತ್ತು. ಬಗ್ಗಿದವಳ ಮೂಗಿಗೆ ಅವರ ಗುದ್ದು ಸರಿಯಾಗಿ ಬಿತ್ತು.

ಅಲ್ಲಿಯವರೆಗೆ ನನ್ನ ಶೌರ್ಯಕ್ಕೆ ಕೊರತೆಯೇ ಇರಲಿಲ್ಲ. ಗಾಳಿಗೆ ಗುದ್ದಿ, ಗಾಳಿಗೆ ಒದ್ದು ಹಸಿರು ಬೆಲ್ಟು ಗಳಿಸಿದ್ದೆ. ಶಹಾಪುರದ ಗಾಳಿ ಬಹಳ ಸಂಭಾವಿತ, ಒಮ್ಮೆಯೂ ತಿರುಗಿ ಹೊಡೆದಿರಲಿಲ್ಲ.

ಮೂಗು ಹಿಡಿದು ಕುಳಿತೆ. "ಅಕ್ಕಾರ, ಕಾಲು ತಾಗಿತಂತ ನಮಸ್ಕಾರ ಮಾಡಾಕತ್ತಿದ್ನಿರಿ" ಎಂದೆ.

ಮೊಣಕಾಲು ನೋವು ಕಡಿಮೆಯಾಗಲೆಂದು ಕ್ಲಾಸಿಗೆ ಸೇರಿದ್ದ ಶಂಕ್ರಮ್ಮನವರು ಒಂದಿಷ್ಟೂ ಮರುಗಲಿಲ್ಲ. "ಒದಿಯಾಕ ಬಂದಾಕಿ ಒದಿಬೇಕು ತಂಗಿ. ನಮಸ್ಕಾರ ಮನಿಗಿ ಬಂದು ಮಾಡು, ಚಾ ಕೊಡ್ತೀನಿ" ಎಂದರು.

ಈಗಲೂ ಬಸ್ಸಿನಲ್ಲಿ ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ನಮಸ್ಕರಿಸುತ್ತೇನೆ, ಒಂದೇ ಕೈಯಲ್ಲಿ. ಇನ್ನೊಂದು ಕೈ ಮೂಗಿನ ಮುಂದಿರುತ್ತದೆ.