ಪುಟ್ಟ ರೈಲಿನ ಮಸಿ

ಎಪ್ಪತ್ತರ ದಶಕದಲ್ಲಿ ನಾಸಿಕದ ಶಾಲೆಯೊಂದರಲ್ಲಿ ಮಾದರಿ ರೈಲುಗಳ ಪ್ರದರ್ಶನ ನಡೆಯಿತು. ನಮ್ಮ ಹೋಟೆಲಿಗೆ ದಿನಾ ಬರುತ್ತಿದ್ದ ಕಲಬುರಗಿಯ ನಿವೃತ್ತ ರೈಲ್ವೆ ಗಾರ್ಡ್ ತಾವೇ ಮಾಡಿದ ಪುಟ್ಟ ಉಗಿ ಎಂಜಿನ್ ತಂದಿದ್ದರು; ನೆರವಿಗೆ ನಾನೂ ಜೊತೆಗೆ ಹೋಗಿದ್ದೆ.

“ಮನೆಯಾಕಿ ಕಟ್ಟಿಕೊಟ್ಟಾಳ. ಡಬ್ಬಿ ಬಿಚ್ಚಿ ಹಳಿ ಮ್ಯಾಲ ಇಡ್ರಿ, ನಾ ಹೆಸರು ಬರೆಸಿ ಬರ್ತೀನಿ,” ಎಂದು ಹೋದರು.

ಎಂಜಿನ್ ತುಂಬ ಮಸಿ. ಇಪ್ಪತ್ತು ವರ್ಷ ಮೇಜು ಒರೆಸಿದ ನನ್ನ ಕೈ ಯಾರ ಅಪ್ಪಣೆಗೂ ಕಾಯದೆ, ಹೆಗಲ ಬೈರಾಸಿನಿಂದ ಅದನ್ನು ಫಳಫಳ ಹೊಳೆಯಿಸಿತು.

ಹಿಂತಿರುಗಿದವರು ಬೆಂಚಿನ ಮೇಲೆ ಕುಸಿದರು. “ಖರೇ ಎಂಜಿನ್ ಕಂಡಂಗ ಕಾಣ್ಲಿ ಅಂತ ತಿಂಗಳಗಟ್ಟಲೆ ಮಸಿ ಹಚ್ಚಿದ್ದೆ. ಡಬ್ಬಿ ಕಟ್ಟೋ ಮುಂದ ಆಕಿ ಎಲ್ಲಾ ಒರೆಸಿಬಿಟ್ಟಾಳ್ರೀ!”

ನಾನು ಬೈರಾಸನ್ನು ಬೆನ್ನ ಹಿಂದೆ ಅಡಗಿಸಿ, “ಹೆಂಗಸರಿಗೆ ಇದೆಲ್ಲ ಎಲ್ಲಿ ಗೊತ್ತಾಗ್ತದೆ ಮಾರಾಯ್ರೇ,” ಎಂದು ಗಂಭೀರವಾಗಿ ತೀರ್ಪು ಕೊಟ್ಟೆ.

ಬಹುಮಾನ ಬೇರೆಯವರಿಗೆ ಹೋಯಿತು. ಆ ಸಂಜೆ ಆ ತಾಯಿ ಗಂಡನಿಂದ ಏನೇನು ಕೇಳಿಸಿಕೊಂಡರೋ, ವಿಚಾರಿಸುವ ಧೈರ್ಯ ನನಗೆ ಕೊನೆಗೂ ಬರಲಿಲ್ಲ.